ಊರು ಬಿಟ್ಟು ಆಡುವವರು

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಕ್ರಿಕೆಟ್ಟಿಗೇನು ಕೆಲಸ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳಲಿ. ನಾನು ಶುರು ಮಾಡುವುದು ಒಂದು ಶಬ್ದದಿಂದ. ಆಟ ಅದರ ಹಿಂದೆ ತಾನಾಗಿ ಬರುತ್ತೆ.

ಇಂಗ್ಲಿಷಿನಲ್ಲಿ ‘ಜರ್ನಿಮನ್’ ಅಂತ ಒಂದು ಮಾತಿದೆ. ನಮ್ಮಲ್ಲಿ ಅನೇಕರು ಇದನ್ನು ಪ್ರಯಾಣಕ್ಕೆ ಜೋಡಿಸಿ ‘ಸಂಚಾರಿ’ ಎಂದು ಅರ್ಥ ಹೇಳಿಬಿಡುತ್ತಾರೆ. ಅದರ ಬೇರು ಇರುವುದು ಫ್ರೆಂಚಿನ ‘ಜೂರ್ನೆ’ ಎಂಬ ಮಾತಿನಲ್ಲಿ. ಹಾಗಂದರೆ ಒಂದು ದಿನ, ಒಂದು ದಿನದ ದುಡಿಮೆ. ಯುರೋಪಿನ ಹಳೆಯ ಕಸುಬುದಾರರ ಸಂಘಗಳಲ್ಲಿ ಮೂರು ಮೆಟ್ಟಿಲು ಇದ್ದವು. ಕೆಳಗೆ ಕಲಿಯುವ ಹುಡುಗ, ಮೇಲೆ ಸ್ವಂತ ಅಂಗಡಿ ಇಟ್ಟುಕೊಂಡ ಯಜಮಾನ, ನಡುವೆ ಈ ಜರ್ನಿಮನ್. ಕಲಿಕೆ ಮುಗಿದಿದೆ, ಕಸುಬು ಕೈಗೆ ಹತ್ತಿದೆ, ಆದರೆ ಸ್ವಂತದ ಅಂಗಡಿ ಇಲ್ಲ. ಎಲ್ಲಿ ಕೆಲಸ ಇದೆಯೋ ಅಲ್ಲಿಗೆ ಹೋಗಿ, ದಿನದ ಲೆಕ್ಕದಲ್ಲಿ ದುಡಿದು, ದಿನದ ಲೆಕ್ಕದಲ್ಲಿ ಹಣ ಎಣಿಸಿಕೊಂಡು ಬರುವವನು ಆತ. ನಮ್ಮ ಊರಿನ ಬಡಗಿಯನ್ನೋ ಗಾರೆಯವನನ್ನೋ ನೆನೆಸಿಕೊಂಡರೆ ಈ ಮನುಷ್ಯ ಕಣ್ಣಿಗೆ ಬರುತ್ತಾನೆ. ದಿನಗೂಲಿ ಎಂದ ಮಾತ್ರಕ್ಕೆ ಕೆಲಸ ಬಾರದವನು ಅಂತ ಯಾರೂ ತಿಳಿಯುವುದಿಲ್ಲ. ಬಾರದವನನ್ನು ಎರಡನೆಯ ದಿನ ಯಾರು ಕರೆಯುತ್ತಾರೆ?

ಅಮೆರಿಕದವರು ಈ ಮಾತನ್ನು ತಮ್ಮ ಬೇಸ್‌ಬಾಲ್ ಆಟಕ್ಕೆ ತಂದುಕೊಂಡಿದ್ದಾರೆ. ಆ ಆಟದಲ್ಲಿ ಹೊರ ಅಂಗಣವನ್ನು ಕಾಯಲು ಮೂವರು ನಿಲ್ಲುತ್ತಾರೆ: ಎಡಕ್ಕೊಬ್ಬ, ನಡುವೆ ಒಬ್ಬ, ಬಲಕ್ಕೊಬ್ಬ. ಚೆಂಡೆಸೆಯುವವನ ಸುತ್ತ ಜನರ ಕಣ್ಣೆಲ್ಲ ನೆಟ್ಟಿರುವಾಗ ಈ ಮೂವರು ದೂರದ ಹುಲ್ಲಿನ ಮೇಲೆ ಕಾಯುತ್ತಿರುತ್ತಾರೆ. ಎಷ್ಟೋ ಹೊತ್ತು ಚೆಂಡು ಅವರ ಕಡೆ ಬರುವುದೇ ಇಲ್ಲ. ಬಂದಾಗ ತಪ್ಪಿತೋ, ಪಂದ್ಯ ಹೋಯಿತು. ಅಲ್ಲಿಯ ತಂಡಗಳು ಆಟಗಾರರನ್ನು ಋತುವಿನ ನಡುವೆಯೇ ಅದಲು ಬದಲು ಮಾಡಿಕೊಳ್ಳುತ್ತವೆ. ಹೀಗಾಗಿ ತಾರೆಯಾಗದ, ಆದರೆ ಕೈಬಿಡಲೂ ಆಗದ ಆಟಗಾರ ಊರಿಂದ ಊರಿಗೆ ಹೋಗುತ್ತಲೇ ಇರುತ್ತಾನೆ. ಕೆನಡಾದ ಮ್ಯಾಟ್ ಸ್ಟೇರ್ಸ್ ಅಂಥವರು. 1992ರಿಂದ 2011ರವರೆಗೆ ಹತ್ತಕ್ಕೂ ಹೆಚ್ಚು ತಂಡಗಳ ಅಂಗಿ ತೊಟ್ಟ ಹೊರ ಅಂಗಣದ ಆಟಗಾರ. ಕೊನೆಕೊನೆಗೆ ಇನ್ನೊಬ್ಬನ ಬದಲಿಗೆ ಬಂದು ಒಂದೇ ಒಂದು ಸಲ ಬ್ಯಾಟು ಬೀಸಿ ಹೋಗುವ ಕೆಲಸ ಅವರದಾಗಿತ್ತು. ಹಾಗೆ ಬದಲಿಯಾಗಿ ಬಂದು ಹೊಡೆದ ಹೋಮ್ ರನ್ನುಗಳು 23, ಅದೊಂದು ದಾಖಲೆ.

ನಮ್ಮ ದೇಶದಲ್ಲಿ ಬೇಸ್‌ಬಾಲ್ ಬೆಳೆಯಲಿಲ್ಲ. ಆದರೆ ಈ ಜಾತಿಯ ಆಟಗಾರ ನಮ್ಮಲ್ಲಿಲ್ಲ ಎಂದುಕೊಳ್ಳಬೇಡಿ. ರಣಜಿ ಟ್ರೋಫಿಯ ಅಂಕಪಟ್ಟಿಗಳಲ್ಲಿ ಆತ ಇದ್ದಾನೆ. ನಾವು ನೋಡುವುದಿಲ್ಲ, ಅಷ್ಟೆ.

ಏರ್ಪಾಡು ಹೀಗಿದೆ. ರಣಜಿಯಲ್ಲಿ ಆಟಗಾರ ಸಾಮಾನ್ಯವಾಗಿ ತನ್ನ ರಾಜ್ಯದ ಸಂಸ್ಥೆಗೆ ಆಡಬೇಕು. ಬೇರೆ ಕಡೆ ಹೋಗಬೇಕೆಂದರೆ ತವರಿನ ಸಂಸ್ಥೆಯಿಂದ ‘ನಮ್ಮ ಆಕ್ಷೇಪಣೆ ಇಲ್ಲ’ ಎಂಬ ಪತ್ರ ತರಬೇಕು. ಅದನ್ನು ಹಿಡಿದು ಬಂದ ಹೊರಗಿನವರನ್ನು ಒಂದು ತಂಡ ಮೂವರವರೆಗೆ ಇಟ್ಟುಕೊಳ್ಳಬಹುದು. ಕ್ರಿಕೆಟ್ ಮಂದಿ ಇವರನ್ನು ‘ಪ್ರೊಫೆಷನಲ್’ ಎನ್ನುತ್ತಾರೆ, ಕೆಲವರು ‘ಅತಿಥಿ ಆಟಗಾರ’ ಎನ್ನುತ್ತಾರೆ. ಈ ಎರಡನೆಯ ಹೆಸರಿನ ವ್ಯಂಗ್ಯ ನೋಡಿ! ಅತಿಥಿಯನ್ನು ನಾವು ಕೂರಿಸಿ ಬಡಿಸುತ್ತೇವೆ; ಇಲ್ಲಿ ಅತಿಥಿಯೇ ಬಂದು ಎಲ್ಲರಿಗಿಂತ ಹೆಚ್ಚು ದುಡಿಯಬೇಕು. ದುಡಿಯದಿದ್ದರೆ ಮರುವರ್ಷ ಕರೆ ಇಲ್ಲ. ತವರಿನ ಹುಡುಗ ನಾಲ್ಕು ಪಂದ್ಯ ಸೋತರೆ ‘ಬೆಳೀತಾನೆ ಬಿಡಿ’ ಎನ್ನುವವರು ಸಿಗುತ್ತಾರೆ. ಹೊರಗಿನವನಿಗೆ ಆ ಮಾತು ಹೇಳುವವರು ಯಾರೂ ಇಲ್ಲ.

ನಾನು ಇದನ್ನೆಲ್ಲ ಗಮನಿಸತೊಡಗಿದ್ದು ಗುಜರಾತಿಗೆ ಹೋದ ಮೇಲೆ. ನಾನು ಈ ಸಂಘದ ಹಳೆಯ ಸದಸ್ಯ. ಹೊಟ್ಟೆಪಾಡು ನನ್ನನ್ನು ಬಟ್ಟೆಗೆ ಹಾಕುವ ಬಣ್ಣದ ವ್ಯಾಪಾರಕ್ಕೆ ತಳ್ಳಿತು. ಅಹಮದಾಬಾದು, ವಡೋದರ, ಸೂರತ್ತು, ಈ ಮೂರೂ ಒಂದೇ ರೈಲು ಹಾದಿಯ ಮೇಲಿವೆ. ಅಹಮದಾಬಾದಿನಿಂದ ವಡೋದರ ಸುಮಾರು 100 ಕಿಲೋಮೀಟರು, ಅಲ್ಲಿಂದ ಸೂರತ್ತು ಇನ್ನೊಂದು 130. ಈ ಹಾದಿಯಲ್ಲಿ ಹೋಗಿ ಬರುವುದೇ ನನ್ನ ನೌಕರಿ. ಎದುರು ಸೀಟಿನವರು ಗುಜರಾತಿಯಲ್ಲಿ ‘ಯಾವ ಊರು’ ಎಂದು ಕೇಳಿದರೆ ನಾನು ಉತ್ತರ ಹೇಳುವ ಮೊದಲು ಒಂದು ಕ್ಷಣ ತಡವರಿಸುತ್ತೇನೆ. ಹುಟ್ಟಿದ ಊರೋ, ಈಗ ಬಾಡಿಗೆ ಕಟ್ಟುವ ಊರೋ? ಇಂಥವನಿಗೆ ಊರು ಬಿಟ್ಟು ಆಡುವವರ ಮೇಲೆ ಕಣ್ಣು ಹೋದದ್ದು ಆಶ್ಚರ್ಯವಲ್ಲ.

ಮೊದಲು ವಡೋದರದ ಮಾತು. ಅಲ್ಲಿಯ ಲಕ್ಷ್ಮೀ ವಿಲಾಸ ಅರಮನೆಯ ಆವರಣದಲ್ಲಿಯೇ ಮೋತಿಬಾಗ್ ಎಂಬ ಕ್ರಿಕೆಟ್ ಮೈದಾನವಿದೆ. ಹಿಂದೆ ಸಂಗೀತಗಾರರನ್ನು, ಪೈಲ್ವಾನರನ್ನು ಪೋಷಿಸಿದ ಹಾಗೆಯೇ ಬರೋಡದ ಅರಸರು ಆಟಗಾರರನ್ನೂ ಕರೆಸಿ ಇಟ್ಟುಕೊಂಡರು. ಅವರಲ್ಲಿ ದೊಡ್ಡ ಹೆಸರು ವಿಜಯ್ ಹಜಾರೆ. ಹಜಾರೆ ಹುಟ್ಟಿದ್ದು ಸಾಂಗ್ಲಿಯಲ್ಲಿ. 1939-40ರಲ್ಲಿ ಮಹಾರಾಷ್ಟ್ರದ ಪರವಾಗಿ ಔಟಾಗದೆ 316 ರನ್ ಹೊಡೆದರು. ರಣಜಿಯ ಮೊದಲ ತ್ರಿಶತಕ ಅದು. ಹೊಡೆದದ್ದು ಯಾರ ವಿರುದ್ಧ ಎನ್ನುತ್ತೀರಿ? ಇದೇ ಬರೋಡದ ವಿರುದ್ಧ! ಇಷ್ಟು ಹೊಡೆಯುವವನು ಎದುರು ಪಕ್ಷದಲ್ಲಿರುವುದಕ್ಕಿಂತ ನಮ್ಮ ಮನೆಯಲ್ಲಿರುವುದು ಲೇಸು ಎಂದು ಅರಮನೆಗೆ ತೋರಿರಬೇಕು. ಹಜಾರೆ ಬರೋಡ ಸಂಸ್ಥಾನದ ನೌಕರಿಗೆ ಬಂದರು.

1947ರ ಮಾರ್ಚಿಯಲ್ಲಿ, ವಡೋದರದಲ್ಲೇ, ಹೋಳ್ಕರ್ ತಂಡದ ವಿರುದ್ಧ ರಣಜಿಯ ಕೊನೆಯ ಪಂದ್ಯ. ಹಜಾರೆ 288, ಗುಲ್ ಮಹಮ್ಮದ್ 319. ನಾಲ್ಕನೆಯ ಹುದ್ದರಿಗೆ ಇಬ್ಬರೂ ಕೂಡಿಸಿದ್ದು 577. ಯಾವುದೇ ಹುದ್ದರಿಯ ಜೊತೆಯಾಟದಲ್ಲಿ ಅದು ಜಗತ್ತಿನ ದಾಖಲೆಯಾಗಿ 2006ರವರೆಗೆ ನಿಂತಿತ್ತು; ಆಮೇಲೆ ಶ್ರೀಲಂಕೆಯ ಸಂಗಕ್ಕಾರ ಮತ್ತು ಜಯವರ್ಧನೆ 624 ಹೊಡೆದು ಅದನ್ನು ದಾಟಿದರು. ಗುಲ್ ಮಹಮ್ಮದ್ ಲಾಹೋರಿನವರು. ಸಾಂಗ್ಲಿಯವನೊಬ್ಬ, ಲಾಹೋರಿನವನೊಬ್ಬ ಸೇರಿ ಬರೋಡದ ಹೆಸರನ್ನು ಲೋಕಕ್ಕೆ ಸಾರಿದರು. ದೇಶ ಒಡೆಯಲು ಆಗ ಐದೇ ತಿಂಗಳು ಬಾಕಿ. ಮುಂದೆ ಗುಲ್ ಮಹಮ್ಮದ್ ಪಾಕಿಸ್ತಾನಕ್ಕೂ ಒಂದು ಟೆಸ್ಟ್ ಆಡಿದರು.

ಅರಸರು ಹೋದರು, ಪದ್ಧತಿ ಹೋಗಲಿಲ್ಲ. 2011ರ ಜನವರಿಯಲ್ಲಿ ಅದೇ ವಡೋದರದಲ್ಲಿ ರಾಜಸ್ಥಾನ ತಂಡ ಬರೋಡವನ್ನು ಮೊದಲ ಇನಿಂಗ್ಸಿನ ಮುನ್ನಡೆಯಿಂದ ಹಿಂದೆ ಹಾಕಿ ಪ್ರಥಮ ಬಾರಿಗೆ ರಣಜಿ ಗೆದ್ದಿತು. ಆ ಋತುವಿನಲ್ಲಿ ರಾಜಸ್ಥಾನಕ್ಕೆ ಆಡಿದ ಹೊರಗಿನ ಮೂವರು ಯಾರು? ಮಹಾರಾಷ್ಟ್ರದ ಹೃಷಿಕೇಶ್ ಕಾನಿಟ್ಕರ್, ದೆಹಲಿಯ ಆಕಾಶ್ ಚೋಪ್ರಾ, ಒಡಿಶಾದ ರಶ್ಮಿರಂಜನ್ ಪರೀಡಾ. ಕಾನಿಟ್ಕರ್ ಅವರೇ ನಾಯಕರು. ಎದುರಿಗಿದ್ದ ಬರೋಡದಲ್ಲೂ ಆ ವರ್ಷ ಹೈದರಾಬಾದಿನ ಕಡೆಯಿಂದ ಬಂದ ಅಂಬಟಿ ರಾಯುಡು ಇದ್ದರು. ಅದಕ್ಕೆ ಮುಂಚಿನ ಸೆಮಿಫೈನಲ್ಲಿನಲ್ಲಿ, ಮೋತಿಬಾಗಿನ ತಿರುಗುವ ಪಿಚ್ಚಿನ ಮೇಲೆ, ಬರೋಡದ ಕೈಯಲ್ಲಿ ಎರಡೇ ದಿನದಲ್ಲಿ ಸೋತು ಮನೆಗೆ ಹೋದ ತಂಡ ನಮ್ಮ ಕರ್ನಾಟಕ ಎಂಬುದನ್ನು ಇಲ್ಲಿ ನೆನೆಸುವುದು ಸಂತೋಷದ ಕೆಲಸವಲ್ಲ. ಆದರೂ ಇರಲಿ.

ಅಹಮದಾಬಾದಿನ ಕಥೆ ಬೇರೆ ತರಹದ್ದು. ಅದು ಹೊರಗಿನಿಂದ ಬಂದವರದಲ್ಲ, ಒಳಗಿನಿಂದ ಹೊರಟವರದು. ಆ ಊರಿನ ಸ್ಮಿತ್ ಪಟೇಲ್ ವಿಕೆಟ್ ಕೀಪರು, ದಾಂಡಿಗ. 2012ರ ಆಗಸ್ಟಿನಲ್ಲಿ ಆಸ್ಟ್ರೇಲಿಯದ ಟೌನ್ಸ್‌ವಿಲ್‌ನಲ್ಲಿ ಹತ್ತೊಂಬತ್ತರ ಒಳಗಿನವರ ವಿಶ್ವಕಪ್ ಫೈನಲ್. ಭಾರತಕ್ಕೆ 226 ಬೇಕಿತ್ತು. ನಾಯಕ ಉನ್ಮುಕ್ತ್ ಚಾಂದ್ 111, ಸ್ಮಿತ್ 62, ಇಬ್ಬರೂ ಔಟಾಗದೆ 130 ರನ್ ಕೂಡಿಸಿ ಗೆಲ್ಲಿಸಿಕೊಟ್ಟರು. ಇಷ್ಟಾದ ಮೇಲೆ ದಾರಿ ಸಲೀಸು ಎಂದುಕೊಳ್ಳುತ್ತೇವೆ. ಆದರೆ ಗುಜರಾತ್ ತಂಡದಲ್ಲಿ ಕೀಪರ್ ಜಾಗ ಒಂದೇ, ಅದರಲ್ಲಿ ನಿಂತಿದ್ದವರು ಪಾರ್ಥಿವ್ ಪಟೇಲ್. ಹದಿನೇಳನೆಯ ವಯಸ್ಸಿಗೇ ಟೆಸ್ಟ್ ಆಡಿ, 2016-17ರಲ್ಲಿ ಗುಜರಾತಿಗೆ ಮೊದಲ ರಣಜಿ ಗೆದ್ದುಕೊಟ್ಟ ನಾಯಕ ಅವರು. ಅವರನ್ನು ತೆಗೆಯುವವರು ಯಾರು? ಸ್ಮಿತ್ ತ್ರಿಪುರಾಕ್ಕೆ ಆಡಿದರು, ಗೋವಾಕ್ಕೆ ಆಡಿದರು, ಬರೋಡಕ್ಕೆ ಆಡಿದರು. 2021ರಲ್ಲಿ ಇಲ್ಲಿಯ ಕ್ರಿಕೆಟ್ಟಿಗೆ ಕೈಮುಗಿದು ಅಮೆರಿಕಕ್ಕೆ ಹೋದರು. ಮುಂದೆ ಆ ದೇಶದ ತಂಡಕ್ಕೇ ಆಡಿದರು. ಬೇಸ್‌ಬಾಲಿನ ನಾಡಿನಲ್ಲಿ ಕ್ರಿಕೆಟ್ ಆಡಿ ಬದುಕುವುದೆಂದರೆ ಊರು ಬಿಡುವುದರ ಕೊನೆಯ ಮೆಟ್ಟಿಲೇ ಸರಿ.

ಈಗ ಸೂರತ್ತಿಗೆ ಬರೋಣ. ಅಲ್ಲಿ ಕಾಣಬೇಕಾದವರು ನಮ್ಮವರೇ, ದಾವಣಗೆರೆಯಲ್ಲಿ ಹುಟ್ಟಿದ ಗಣೇಶ್ ಸತೀಶ್. ಈ ಲೇಖನ ಬರೆಯಹೊರಟದ್ದೇ ಅವರ ಸಲುವಾಗಿ. ಅವರು ಸೂರತ್ತಿಗೆ ಬಂದ ದಾರಿಯನ್ನು ಮೊದಲು ಹೇಳಬೇಕು.

2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನ, ಮುಂಬಯಿಯ ವಿರುದ್ಧ ರಣಜಿ ಫೈನಲ್. ಕರ್ನಾಟಕಕ್ಕೆ ಬೇಕಾದದ್ದು 338. ಮನೀಷ್ ಪಾಂಡೆ 144 ಹೊಡೆದದ್ದು ಎಲ್ಲರಿಗೂ ನೆನಪಿದೆ. ಅವರ ಜೊತೆಗೆ ನಿಂತು 75 ಹೊಡೆದ ಇಪ್ಪತ್ತೊಂದರ ಹುಡುಗ ಗಣೇಶ್ ಸತೀಶ್. ಅದು ಅಷ್ಟಾಗಿ ನೆನಪಿಲ್ಲ. ನಾವು 331ಕ್ಕೆ ಮುಗಿದೆವು, ಆರು ರನ್ನಿನ ಸೋಲು. ನಾಲ್ಕು ವರ್ಷದ ಮೇಲೆ, 2014ರ ಆರಂಭದಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರದ ವಿರುದ್ಧ ಮತ್ತೆ ಫೈನಲ್. ಕೆ.ಎಲ್. ರಾಹುಲ್ 131, ಗಣೇಶ್ ಸತೀಶ್ 117. ಏಳು ಹುದ್ದರಿಗಳಿಂದ ಗೆದ್ದೆವು. 1998-99ರಿಂದ ಕಾದಿದ್ದ ಟ್ರೋಫಿ ಬೆಂಗಳೂರಿಗೆ ಬಂತು.

ರಣಜಿ ಫೈನಲ್ಲಿನಲ್ಲಿ ನೂರು ಹೊಡೆದವನು ಮರುವರ್ಷ ಎಲ್ಲಿರಬೇಕು? ತಂಡದ ನಡುಗಂಬವಾಗಿ ಇರಬೇಕು ಎಂದು ನೀವು ಹೇಳುತ್ತೀರಿ. ಗಣೇಶ್ ಸತೀಶ್ 2014-15ರಲ್ಲಿ ನಾಗಪುರದಲ್ಲಿದ್ದರು, ವಿದರ್ಭ ತಂಡದ ಪ್ರೊಫೆಷನಲ್ ಆಗಿ.

ಇದಕ್ಕೆ ಕಾರಣ ಹುಡುಕಲು ಯಾರನ್ನೂ ಬಯ್ಯಬೇಕಾಗಿಲ್ಲ. ಆಗಿನ ಕರ್ನಾಟಕದ ದಾಂಡಿಗರ ಪಟ್ಟಿ ಓದಿದರೆ ಸಾಕು. ರಾಹುಲ್, ರಾಬಿನ್ ಉತ್ತಪ್ಪ, ಮನೀಷ್ ಪಾಂಡೆ, ಕರುಣ್ ನಾಯರ್, ಮಯಾಂಕ್ ಅಗರ್ವಾಲ್, ಸಮರ್ಥ್, ಗೌತಮ್. ಅಂಗಣಕ್ಕೆ ಇಳಿಯುವವರು ಹನ್ನೊಂದೇ ಜನ, ಅದರಲ್ಲಿ ಬ್ಯಾಟು ನಂಬಿದವರಿಗೆ ಆರೋ ಏಳೋ ಜಾಗ. ಆ ತಂಡ 2014-15ರಲ್ಲಿ ಮತ್ತೆ ರಣಜಿ ಗೆದ್ದಿತು. ಫೈನಲ್ಲಿನಲ್ಲಿ ಕರುಣ್ ನಾಯರ್ ತಮಿಳುನಾಡಿನ ವಿರುದ್ಧ 328 ಹೊಡೆದರು. ಒಂದೇ ಮನೆಯಲ್ಲಿ ಕಸುಬುದಾರರು ಜಾಸ್ತಿಯಾದಾಗ ಒಬ್ಬ ಪಕ್ಕದ ಊರಿಗೆ ಹೋಗುತ್ತಾನೆ. ನಮ್ಮ ಹಳ್ಳಿಗಳ ಅಕ್ಕಸಾಲಿ ಮನೆತನಗಳಲ್ಲಿ ನಡೆದುಕೊಂಡು ಬಂದದ್ದೂ ಇದೇ ಅಲ್ಲವೆ?

ಆಗಿನ ವಿದರ್ಭ ರಣಜಿ ಗೆದ್ದು ಗೊತ್ತಿಲ್ಲದ ತಂಡ. 2014-15ರಲ್ಲಿ ತಮಿಳುನಾಡಿನ ಬದರಿನಾಥ್ ಅಲ್ಲಿಗೆ ನಾಯಕರಾಗಿ ಬಂದರು. ಮರುವರ್ಷ ಮುಂಬಯಿಯ ವಾಸಿಮ್ ಜಾಫರ್ ಬಂದರು. 2017-18ಕ್ಕೆ ಚಂದ್ರಕಾಂತ್ ಪಂಡಿತ್ ತರಬೇತುದಾರರಾದರು. ಆ ಋತುವಿನಲ್ಲಿ ವಿದರ್ಭ ಕ್ವಾರ್ಟರ್ ಫೈನಲ್ ಮುಟ್ಟಿತು. ಮಂಡಳಿ ಆ ಹಂತದ ಪಂದ್ಯಗಳನ್ನು ಯಾವ ತಂಡದ ತವರೂ ಅಲ್ಲದ ಊರುಗಳಲ್ಲಿ ಇಟ್ಟಿತ್ತು. ಹೀಗಾಗಿ 2017ರ ಡಿಸೆಂಬರಿನಲ್ಲಿ ವಿದರ್ಭ ಮತ್ತು ಕೇರಳ ತಂಡಗಳು ಸೂರತ್ತಿನ ಲಾಲ್‌ಭಾಯ್ ಕಾಂಟ್ರಾಕ್ಟರ್ ಮೈದಾನಕ್ಕೆ ಬಂದಿಳಿದವು. ಕೇರಳಕ್ಕೆ ಅದು ರಣಜಿಯ ಮೊದಲ ಕ್ವಾರ್ಟರ್ ಫೈನಲ್. ಅವರ ಆಧಾರಸ್ತಂಭ ಮಧ್ಯಪ್ರದೇಶದಿಂದ ಬಂದ ಜಲಜ್ ಸಕ್ಸೇನಾ. ಎರಡು ಪರವೂರಿನ ತಂಡಗಳು, ಅವುಗಳೊಳಗೆ ಮತ್ತೆ ಪರವೂರಿನ ಆಟಗಾರರು, ಸುತ್ತ ಜವಳಿ ಮತ್ತು ವಜ್ರದ ಊರು.

ವಿದರ್ಭ ಮೊದಲು 246, ಕೇರಳ 176. ಎರಡನೆಯ ಸಲ ವಿದರ್ಭ 9 ಹುದ್ದರಿಗೆ 507 ಹೊಡೆದು ಡಿಕ್ಲೇರ್ ಮಾಡಿಕೊಂಡಿತು. ಫೈಜ್ ಫಜಲ್ ಮತ್ತು ಅಪೂರ್ವ್ ವಾಂಖಡೆ ಶತಕ ಹೊಡೆದರು; ಅವರ ಹೆಸರು ಪತ್ರಿಕೆಯ ತಲೆಬರಹಕ್ಕೆ ಹೋಯಿತು. ಗಣೇಶ್ ಸತೀಶ್ ಅರವತ್ತರ ಮೇಲೆ ಹೊಡೆದರು; ಅದು ಕೆಳಗಿನ ಸಣ್ಣಕ್ಷರದಲ್ಲಿ ಉಳಿಯಿತು. ಕೇರಳ 165ಕ್ಕೆ ಔಟು, 412 ರನ್ನಿನ ಗೆಲುವು. ಕಸುಬುದಾರ ಆಟಗಾರನ ಬಾಳೆಲ್ಲ ಹೆಚ್ಚುಕಡಿಮೆ ಹೀಗೇ. ಬೇರೆಯವರ ನೂರರ ಪಕ್ಕದಲ್ಲಿ ಅರವತ್ತು. ಆದರೆ ಆ ಅರವತ್ತು ಕಿತ್ತುಹಾಕಿ ನೋಡಿ, ಗೋಡೆ ಒಂದು ಕಡೆ ವಾಲುತ್ತದೆ.

ಸೂರತ್ತಿನಿಂದ ವಿದರ್ಭ ಹೋದದ್ದು ಕಲ್ಕತ್ತೆಯ ಈಡನ್ ಗಾರ್ಡನ್ಸಿಗೆ, ಸೆಮಿಫೈನಲ್ಲಿಗೆ. ಎದುರಾಳಿ ಕರ್ನಾಟಕ.

ಮುಂದಿನದನ್ನು ನಿಧಾನವಾಗಿ ಓದಿ. ವಿದರ್ಭ ಮೊದಲ ಇನಿಂಗ್ಸಿನಲ್ಲಿ 185. ಕರ್ನಾಟಕ 301, ಅದರಲ್ಲಿ ಕರುಣ್ ನಾಯರ್ ಅವರದೇ 153. ಅಂದರೆ 116 ರನ್ ಹಿಂದೆ ಬಿದ್ದು ವಿದರ್ಭ ಎರಡನೆಯ ಸಲ ಆಡಲು ಇಳಿಯಿತು. ಆಗ ಕಾಲೂರಿ ನಿಂತು 81 ಹೊಡೆದವರು ದಾವಣಗೆರೆಯ ಗಣೇಶ್ ಸತೀಶ್. ವಿದರ್ಭ 313 ಮಾಡಿತು. ಕರ್ನಾಟಕಕ್ಕೆ ಬೇಕಾದದ್ದು 198. ರಜನೀಶ್ ಗುರ್ಬಾನಿ ಏಳು ಹುದ್ದರಿ ಕಿತ್ತರು. ಕರ್ನಾಟಕ 192ಕ್ಕೆ ಔಟು. ಐದು ರನ್ನಿನ ಸೋಲು!

ನಾನಾಗ ಸೂರತ್ತಿನಲ್ಲಿ ಒಂದು ಲಾಡ್ಜಿನಲ್ಲಿದ್ದೆ. ಪಕ್ಕದ ಕೋಣೆಯಲ್ಲಿ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು, ಸೀರೆ ವ್ಯಾಪಾರಕ್ಕೆ ಬಂದವರು. ಸುದ್ದಿ ತಿಳಿದ ಕೂಡಲೆ ನನ್ನ ಬಾಗಿಲು ತಟ್ಟಿದರು. “ಏನ್ರೀ ಇದು, ನಮ್ಮ ಹುಡುಗನ ನಮಗ ಹೊಡದನಲ್ರೀ! ಐದು ರನ್ನಿನಾಗ ಸೋತೀವಿ, ಅಂವಾ ಎಂಬತ್ತೊಂದು ಹೊಡದಾನ. ಅಂವಾ ಒಂದು ಹತ್ತು ಕಡಿಮಿ ಹೊಡದಿದ್ರ ಏನ ಹೋಗತಿತ್ತು?”

“ಸರ್, ನೀವು ಈ ಊರಿನ ಅಂಗಡಿಯಲ್ಲಿ ಸೀರೆ ಕೊಳ್ಳುವಾಗ ಅಂಗಡಿಯವನು ಹುಬ್ಬಳ್ಳಿಯವನೇ ಅಂತ ಗೊತ್ತಾದರೆ, ಅವನು ಯಜಮಾನನಿಗೆ ಮೋಸ ಮಾಡಿ ನಿಮಗೆ ಹತ್ತು ರೂಪಾಯಿ ಇಳಿಸಲಿ ಅಂತೀರಾ?” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಳಿಸಿದರ ಬ್ಯಾಡ ಅನ್ನಂಗಿಲ್ಲ. ಆದರ ಮರುದಿನ ಅವನ್ನ ನಂಬಂಗೂ ಇಲ್ಲ” ಎಂದು ನಕ್ಕರು.

ಅವರ ಈ ಮಾತಿಗಿಂತ ಚೆನ್ನಾಗಿ ವಿಷಯವನ್ನು ನಾನು ಹೇಳಲಾರೆ. ಆದರೂ ಅವರ ಮೊದಲ ಸಿಟ್ಟು ಸುಳ್ಳಲ್ಲ. ರಣಜಿಯ ಆಟಕ್ಕೆ ರುಚಿ ಬರುವುದೇ ‘ನಮ್ಮವರು’ ಎಂಬ ಭಾವನೆಯಿಂದ. ಎಲ್ಲರೂ ಎಲ್ಲಿಗಾದರೂ ಆಡಬಹುದು ಎಂದಾದರೆ ಕರ್ನಾಟಕ ಗೆದ್ದಿತು ಎಂದು ನಾವು ಕುಣಿಯುವುದಕ್ಕೆ ಏನರ್ಥ? ಮೂವರೇ ಎಂಬ ಮಿತಿ ಇರುವುದು ಆ ಭಾವನೆಯನ್ನು ಕಾಯಲಿಕ್ಕೇ. ಅದು ಸರಿಯಾದ ಮಿತಿ ಎಂದೇ ನನ್ನ ಮತ. ಆದರೆ ಆ ಮಿತಿಯೊಳಗೆ ಬಂದವನ ಬಗ್ಗೆ ‘ಇವನು ಯಾರವನು’ ಎಂಬ ಪ್ರಶ್ನೆಗೆ ಹುಟ್ಟಿದ ಊರೊಂದನ್ನೇ ಉತ್ತರವಾಗಿ ಇಟ್ಟುಕೊಳ್ಳುವುದು ಅನ್ಯಾಯ. ಗಣೇಶ್ ಸತೀಶ್ ಕಲಿತದ್ದು ನಮ್ಮಲ್ಲಿ; ದುಡಿದದ್ದು ಅಲ್ಲಿ. ಕಲ್ಕತ್ತೆಯಲ್ಲಿ ಅವರು ಕರ್ನಾಟಕದ ಬೌಲರುಗಳಿಗೆ ತೋರಿಸಿದ ಪ್ರಾಮಾಣಿಕತೆಯೂ ನಮ್ಮಲ್ಲೇ ಕಲಿತದ್ದಲ್ಲವೆ?

ಆ ಋತುವಿನ ಫೈನಲ್ಲಿನಲ್ಲಿ ವಿದರ್ಭ ಇಂದೋರಿನಲ್ಲಿ ದೆಹಲಿಯನ್ನು ಒಂಬತ್ತು ಹುದ್ದರಿಗಳಿಂದ ಸೋಲಿಸಿ ಮೊದಲ ಬಾರಿಗೆ ರಣಜಿ ಗೆದ್ದಿತು; ದಿನ 2018ರ ಜನವರಿ 1. ಮರುವರ್ಷ ಸೌರಾಷ್ಟ್ರವನ್ನು ನಾಗಪುರದಲ್ಲಿ ಸೋಲಿಸಿ ಎರಡನೆಯ ಸಲವೂ ಗೆದ್ದಿತು. ಅದರ ಬೆನ್ನಲ್ಲೇ ಇರಾನಿ ಕಪ್ಪಿನಲ್ಲಿ ಉಳಿದ ಭಾರತ ತಂಡದ ವಿರುದ್ಧ ಗಣೇಶ್ ಸತೀಶ್ 87 ಹೊಡೆದರು. ಭಾರತ ತಂಡದ ಕರೆ ಬರಲಿಲ್ಲ. 2023-24ರಲ್ಲಿ ಅವರು ತ್ರಿಪುರಾ ತಂಡಕ್ಕೆ ಆಡಿದರು. ಅಗರ್ತಲಕ್ಕೂ ದಾವಣಗೆರೆಗೂ ಎಷ್ಟು ದೂರ ಎಂಬುದನ್ನು ಭೂಪಟ ತೆಗೆದು ನೋಡಿ.

ಹಣದ ಮಾತು ಬಿಟ್ಟರೆ ಇಂಥ ಲೇಖನ ಅರ್ಧವೇ. ರಣಜಿಯ ಆಟಗಾರನಿಗೆ ಮಂಡಳಿ ಕೊಡುವ ಹಣ ಪಂದ್ಯದ ದಿನದ ಲೆಕ್ಕದ್ದು. 2021ರಲ್ಲಿ ಪ್ರಕಟವಾದ ದರ ಹೀಗಿತ್ತು: 40ಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60,000 ರೂಪಾಯಿ, 21ರಿಂದ 40 ಪಂದ್ಯದವರಿಗೆ 50,000, ಅದಕ್ಕಿಂತ ಕಡಿಮೆ ಆಡಿದವರಿಗೆ 40,000. ಕೇಳಲು ದೊಡ್ಡ ಮೊತ್ತ. ಆದರೆ ವರ್ಷದಲ್ಲಿ ಅಂಥ ದಿನಗಳು ಎಷ್ಟು? ಆಡುವ ಹನ್ನೊಂದರಲ್ಲಿ ಹೆಸರಿಲ್ಲದಿದ್ದರೆ ಕೈಗೆ ಬರುವುದು ಅರ್ಧ. ಐಪಿಎಲ್ಲಿನ ಹರಾಜಿನಲ್ಲಿ ಹೆಸರು ಕೂಗದ ಆಟಗಾರನ ಮನೆ ನಡೆಯುವುದು ಈ ಲೆಕ್ಕದ ಮೇಲೆ. 2020-21ರಲ್ಲಿ ಕೋವಿಡ್ಡಿನಿಂದ ರಣಜಿ ನಡೆಯಲೇ ಇಲ್ಲ. 1934-35ರಲ್ಲಿ ಶುರುವಾದಂದಿನಿಂದ ಮೊದಲ ಸಲ. ಆ ವರ್ಷ ಆಡುವ ದಿನವೂ ಇಲ್ಲ, ದಿನದ ದುಡ್ಡೂ ಇಲ್ಲ. ಹಿಂದಿನ ಋತುವಿನಲ್ಲಿ ಆಡಿದವರಿಗೆ ಪಂದ್ಯದ ಹಣದ ಅರ್ಧದಷ್ಟು ಪರಿಹಾರ ಕೊಡುವುದಾಗಿ ಮಂಡಳಿ ಆಮೇಲೆ ಹೇಳಿತು. ‘ಜೂರ್ನೆ’ ಎಂಬ ಹಳೆಯ ಫ್ರೆಂಚ್ ಮಾತು ರಣಜಿ ಅಂಗಣದಲ್ಲಿ ಅಕ್ಷರಶಃ ಬದುಕಿದೆ ಎಂದು ನಾನು ಹೇಳಿದರೆ ಉತ್ಪ್ರೇಕ್ಷೆಯೆನ್ನಬೇಡಿ. ಪ್ರೊಫೆಷನಲ್‌ಗೆ ಕರೆಸಿಕೊಂಡ ಸಂಸ್ಥೆ ಇದರ ಮೇಲೆ ಒಪ್ಪಂದದ ಹಣ ಕೊಡುತ್ತದೆ. ಊರು ಬಿಡುವುದಕ್ಕೆ ಅದೂ ಒಂದು ಕಾರಣ. ಇದರಲ್ಲಿ ನಾಚಿಕೆ ಪಡುವಂಥದ್ದೇನಿದೆ? 2018-19ರಲ್ಲಿ ಬಿಹಾರ, ಮಣಿಪುರ, ಮೇಘಾಲಯ, ಪುದುಚೇರಿ ಮೊದಲಾದ ಒಂಬತ್ತು ತಂಡಗಳು ಹೊಸದಾಗಿ ಸೇರಿ ತಂಡಗಳ ಸಂಖ್ಯೆ 28ರಿಂದ 37ಕ್ಕೆ ಏರಿತು. ಹೊಸ ತಂಡಗಳಿಗೆ ಕಸುಬು ಬಲ್ಲವರು ಬೇಕಾದರು. ನಮ್ಮ ವಿನಯ್ ಕುಮಾರ್ ಪುದುಚೇರಿಗೆ, ಸ್ಟುವರ್ಟ್ ಬಿನ್ನಿ ನಾಗಾಲ್ಯಾಂಡಿಗೆ ಹೋದದ್ದು ಅದರ ಮರುವರ್ಷ.

ಕೊನೆಗೆ ಮತ್ತೊಮ್ಮೆ ವಡೋದರ. ಕಲ್ಕತ್ತೆಯಲ್ಲಿ ವಿದರ್ಭದ ವಿರುದ್ಧ 153 ಹೊಡೆದ ಕರುಣ್ ನಾಯರ್ ಅವರನ್ನು ಮರೆತಿಲ್ಲ ತಾನೆ? 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ 303 ಹೊಡೆದ ಟೆಸ್ಟ್ ವೀರ ಅವರು. ಆಮೇಲೆ ಭಾರತ ತಂಡದಿಂದ ಹೊರಗೆ, 2022ರಲ್ಲಿ ಕರ್ನಾಟಕ ತಂಡದಿಂದಲೂ ಹೊರಗೆ. 2023-24ರಲ್ಲಿ ಅವರು ಸೇರಿದ್ದು ಯಾವ ತಂಡ? ಅದೇ ವಿದರ್ಭ! 2025ರ ಜನವರಿ 18ರಂದು ವಡೋದರದ ಹೊರಗಿನ ಕೋಟಂಬಿ ಮೈದಾನದಲ್ಲಿ ಒಂದು ದಿನದ ಪಂದ್ಯಗಳ ರಾಷ್ಟ್ರೀಯ ಫೈನಲ್. ಕರ್ನಾಟಕದ ಎದುರು ವಿದರ್ಭ, ವಿದರ್ಭದ ನಾಯಕ ಕರುಣ್ ನಾಯರ್. ಆ ಟೂರ್ನಿಯಲ್ಲಿ ಅವರು ಐದು ಶತಕದೊಂದಿಗೆ 779 ರನ್ ಹೊಡೆದಿದ್ದರು. ಫೈನಲ್ಲಿನಲ್ಲಿ 27ಕ್ಕೆ ಔಟಾದರು. ಸ್ಮರಣ್ ಅವರ ಶತಕದ ಬಲದಿಂದ ಕರ್ನಾಟಕ 36 ರನ್ನುಗಳಿಂದ ಗೆದ್ದಿತು. ಆ ಟ್ರೋಫಿಗೆ ಇರುವ ಹೆಸರು ವಿಜಯ್ ಹಜಾರೆ. ಸಾಂಗ್ಲಿಯಿಂದ ಬಂದು ವಡೋದರದಲ್ಲಿ ನೌಕರಿ ಮಾಡಿದವರ ಹೆಸರಿನ ಬಟ್ಟಲಿಗಾಗಿ, ಅದೇ ಊರಿನಲ್ಲಿ, ಊರು ಬಿಟ್ಟ ಕನ್ನಡಿಗ ಕನ್ನಡಿಗರ ತಂಡದ ವಿರುದ್ಧ ಆಡಿದರು.

ಕರುಣ್ ಕಥೆ ಸುಖಾಂತವಾಯಿತು. ಮುಂದಿನ ತಿಂಗಳುಗಳಲ್ಲಿ ನಾಗಪುರದ ರಣಜಿ ಫೈನಲ್ಲಿನಲ್ಲಿ 86 ಮತ್ತು 135 ಹೊಡೆದರು, ವಿದರ್ಭ ಮೂರನೆಯ ಸಲ ಗೆದ್ದಿತು. 2025ರಲ್ಲೇ ಇಂಗ್ಲೆಂಡಿನಲ್ಲಿ ಮತ್ತೆ ಭಾರತಕ್ಕೆ ಟೆಸ್ಟ್ ಆಡಿದರು, ಆಮೇಲೆ ಕರ್ನಾಟಕಕ್ಕೆ ಮರಳಿದರು. ಹೋದವನು ಗೆದ್ದು ಮನೆಗೆ ಬಂದ ಕಥೆ ನಮಗೆಲ್ಲ ಇಷ್ಟ, ನನಗೂ ಇಷ್ಟ. ಆದರೆ ಮಿತ್ರರೆ, ನೀವು ಓದು ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಮುಂಬಯಿಗೋ ಸೂರತ್ತಿಗೋ ಹೋಗುವಾಗ ಕರುಣ್ ನಾಯರ್ ಒಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ನಮ್ಮಲ್ಲಿ ಹೆಚ್ಚಿನವರಿಗೆ ಮುನ್ನೂರು ಹೊಡೆಯುವ ದಿನ ಬರುವುದಿಲ್ಲ, ಬೆಂಗಳೂರಿನ ತಂಡ ಮತ್ತೆ ಕರೆಯುವುದೂ ಇಲ್ಲ. ನಮಗೆ ಸಿಗುವುದು ಗಣೇಶ್ ಸತೀಶ್ ಅವರಿಗೆ ಸೂರತ್ತಿನಲ್ಲಿ ಸಿಕ್ಕಂಥ ದಿನ: ಪರವೂರು, ಗುರುತಿಲ್ಲದ ಜನ, ಇನ್ನೊಬ್ಬರ ನೂರರ ಪಕ್ಕದಲ್ಲಿ ನಮ್ಮ ಅರವತ್ತು. ಆ ಅರವತ್ತನ್ನು ಕದಿಯದೆ ಹೊಡೆಯುವುದಕ್ಕೆ ಏನು ಬೇಕು ಎಂಬುದನ್ನು ಆಟದ ಪುಟ ತಿರುವಿಹಾಕುವ ಮುನ್ನ ಒಂದು ಸಲ ಯೋಚಿಸಿ. ಕರ್ನಾಟಕದ ಅಂಕಪಟ್ಟಿ ಓದಿಯಾದ ಮೇಲೆ ತ್ರಿಪುರಾದ್ದನ್ನೂ, ಗೋವಾದ್ದನ್ನೂ, ನಾಗಾಲ್ಯಾಂಡಿನದನ್ನೂ ಓದಿ. ಅಲ್ಲೆಲ್ಲೋ ನಡುವಿನ ಸಾಲಿನಲ್ಲಿ ನಮ್ಮ ಕಡೆಯ ಹೆಸರೊಂದು ಕಂಡೀತು.